ಸೋಲಿನ ಹರಕೆ

ಪರೇಲ್
೨೦ ಅಕ್ಟೋಬರ್ ೨೦೨೪

ದೌಲತಬಿ,

ನಾವು ಮಾತು ಬಿಟ್ಟವರು, ಗೊತ್ತಿದೆ. ಹೋದ ವರ್ಷ ಈದ್ ಕಳೆದ ವಾರ ನೀನು ನನ್ನ ಮನೆಯ ಹೊಸ್ತಿಲಲ್ಲಿ ನಿಂತು "ಇವತ್ತಿಂದ ನಿನ್ ಸಂಗಾಟ ನನ್ ಮಾತು ಬಂದ್" ಎಂದೆ. ನಾನೂ "ಬಂದ್ ಅಂದ್ರೆ ಬಂದ್, ನಂಗೇನು" ಎಂದೆ. ಬರೆಯುವುದರ ಬಗ್ಗೆ ಆಗ ಇಬ್ಬರೂ ಏನೂ ಹೇಳಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಪರೇಲಿನಿಂದ ಕುರ್ಲಾಕ್ಕೆ ಸ್ಲೋ ಲೋಕಲ್‌ನಲ್ಲಿ ನಾಲ್ಕೇ ಸ್ಟೇಷನ್, ಎದ್ದು ಬಂದು ಮುಖಕ್ಕೇ ಕೇಳಬಹುದಿತ್ತು. ಆದರೆ ಬಂದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ನಾನೇ ಮೊದಲು ಸೋತ ಹಾಗಾಗುತ್ತದೆ.

ನಿನ್ನೆ ಬೈಕುಲ್ಲಾ ಮಾರ್ಕೆಟಿನಲ್ಲಿ ನಿನ್ನ ಮಗ ಮುಜಾಹಿದ ಸಿಕ್ಕಿದ. ಎ.ಸಿ. ರಿಪೇರಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂಬೆಹಣ್ಣು ಆರಿಸುತ್ತಿದ್ದ. ನಿನ್ನ ಬಗ್ಗೆ ನಾನಾಗಿ ಕೇಳಲಿಲ್ಲ. ಅವನೇ ನಗುತ್ತಾ ಹೇಳಿದ: "ಟೀಚರ್, ಅಮ್ಮಿ ಪ್ರತಿ ಜುಮ್ಮೇರಾತ್‌ಗೆ ದರ್ಗಾಕ್ಕ ಹೊಂಟಾಳ್ರೀ. ಶಬ್ಬೂನ ಟೀಮು ಸೋಲ್ಲಿ, ಚಾದರ ಹೊದಸ್ತೀನಿ ಅಂತ ಬೇಡ್ಕೊಂಡಾಳ."

ನಾನು ಬಸಳೆಯ ಕಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ದೌಲತಬಿ, ನಿನಗೆ ತಲೆ ಸರಿ ಇದೆಯಾ? ಲೋಕದಲ್ಲಿ ಯಾವ ತಾಯಿಯಾದರೂ ದೇವರ ಮುಂದೆ ನಿಂತು ಮಗಳು ಸೋಲಲಿ ಎಂದು ಕೇಳುತ್ತಾಳಾ? ಕೇಳುವುದಕ್ಕೆ ನಿನ್ನ ನಾಲಿಗೆ ಹೇಗೆ ಎದ್ದಿತು?

ಶಬನಮ ಏನು ಗಲ್ಲಿಯಲ್ಲಿ ಲಗೋರಿ ಆಡುತ್ತಿದ್ದಾಳಾ? ನಮ್ಮ ಮುನ್ಸಿಪಾಲಿಟಿ ಕನ್ನಡ ಶಾಲೆಯ ಡಾಂಬರು ಅಂಗಳದಲ್ಲಿ, ಗೋಡೆಯ ಮೇಲೆ ಸುಣ್ಣದಿಂದ ಗೋಲು ಬರೆದು, ನಾನು ಕಲಿಸಿದ ಹುಡುಗಿ ಅವಳು. ರಾಜ್ಯಕ್ಕೆ ಆಡಿದಳು, ದೇಶಕ್ಕೆ ಆಡಿದಳು. ಇಪ್ಪತ್ತೊಂದನೆಯ ವಯಸ್ಸಿಗೆ ಸ್ವೀಡನ್ನಿನ ಕ್ಲಬ್ಬು ಕರೆಯಿತು, ಹೋದಳು. ಎಂಟು ವರ್ಷದಿಂದ ಅಲ್ಲಿ ಹ್ಯಾಂಡ್‌ಬಾಲೇ ಅವಳ ಉದ್ಯೋಗ. ಈಗ ಅವಳು ಪಾಸ್‌ಪೋರ್ಟಿನ ಸಮೇತ ಸ್ವೀಡಿಷ್ ಆಟಗಾರ್ತಿ. ನಮ್ಮ ಬಿಲ್ಡಿಂಗಿನ ಗುರುಬಾಯಿ ಇವತ್ತಿಗೂ "ನಿಮ್ಮ ಹುಡುಗಿ ವಾಲಿಬಾಲ್‌ನಲ್ಲಿ ಹೇಗಿದ್ದಾಳೆ" ಎಂದು ಕೇಳುತ್ತಾಳೆ. ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಗುರುಬಾಯಿಗೆ ಗೊತ್ತಿಲ್ಲದಿದ್ದರೆ ಹೋಗಲಿ ಎನ್ನಬಹುದು. ನೀನು ಹೆತ್ತವಳು.

ಈ ಎಂಟು ವರ್ಷದಲ್ಲಿ ಅವಳ ಒಂದು ಪಂದ್ಯವನ್ನಾದರೂ ನೋಡಿದ್ದೀಯಾ? ಮೊಬೈಲಿನಲ್ಲಿ ಎಲ್ಲವೂ ಬರುತ್ತದೆ, ಮುಜಾಹಿದನಿಗೆ ಹೇಳಿದರೆ ಹಚ್ಚಿ ಕೊಡುತ್ತಾನೆ. ನೋಡುವುದಕ್ಕೆ ನಿನಗೆ ಪುರುಸೊತ್ತಿಲ್ಲ, ಸೋಲಲಿ ಎಂದು ಬೇಡಲು ಮಾತ್ರ ಬಿಸಿಲಲ್ಲಿ ನಡೆದು ಹೋಗುತ್ತೀಯ.

ಆ ಹರಕೆಯನ್ನು ವಾಪಸು ತೆಗೆದುಕೋ. ಉತ್ತರ ಬರೆಯಬೇಕೆಂದಿಲ್ಲ.

ವಸಂತಿ


ಕುರ್ಲಾ
೨ ನವೆಂಬರ್ ೨೦೨೪

ವಸಂತಿ,

ಉತ್ತರ ಬರೆಯಬೇಕೆಂದಿಲ್ಲ ಎಂದು ನೀನು ಬರೆದದ್ದಕ್ಕೇ ಬರೆಯುತ್ತಿದ್ದೇನೆ. ಗಿರಾಕಿಗಳ ಅಳತೆ ಬರೆದುಕೊಳ್ಳುವುದು ಬಿಟ್ಟರೆ ನಾನು ಕನ್ನಡ ಬರೆದು ಎಷ್ಟೋ ವರ್ಷವಾಯಿತು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗೀಚಬೇಡ. ಎರಡನೆಯ ಇಯತ್ತೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಪಾಟಿ ನೋಡಿ ಬರೆಯುತ್ತಿದ್ದವಳು ನೀನು.

ಹೌದು, ಬೇಡಿಕೊಂಡಿದ್ದೇನೆ. ಅದರಲ್ಲಿ ಮುಚ್ಚಿಡುವುದೇನಿದೆ? ಅವಳ ಟೀಮು ಸೋತು ಸೋತು ಕೆಳಗಿನ ದರ್ಜೆಗೆ ಇಳಿದರೆ ಅವಳ ಕರಾರು ಅಲ್ಲಿಗೇ ಮುಗಿಯುತ್ತದಂತೆ. ಮೇಲಿನ ದರ್ಜೆಯಲ್ಲೇ ಉಳಿದರೆ ಇನ್ನೂ ಎರಡು ವರ್ಷ. ಇದನ್ನು ಮುಜಾಹಿದನಿಗೆ ಅವಳೇ ಹೇಳಿದ್ದು. ಇನ್ನೂ ಎರಡು ವರ್ಷ ಆ ಎಡ ಮೊಣಕಾಲಿನ ಮೇಲೆ ಓಡಬೇಕು. ಎರಡು ಸಲ ಕೊಯ್ದು ಹೊಲಿದ ಮೊಣಕಾಲು ಅದು. ನಾನು ಟೇಲರ್, ವಸಂತಿ. ಎರಡು ಸಲ ಬಿಚ್ಚಿ ಹೊಲಿದ ಬಟ್ಟೆ ಮೂರನೆಯ ಸಲ ದಾರ ಹಿಡಿಯುವುದಿಲ್ಲ. ಇದು ನನಗೆ ಗೊತ್ತು, ನಿನಗೂ ಗೊತ್ತು, ಅವಳಿಗೆ ಮಾತ್ರ ಯಾರೂ ಹೇಳುವುದಿಲ್ಲ.

ದರ್ಗಾದಲ್ಲಿ ನಾನು ಏನು ಹೇಳಿದೆ ಎಂಬುದನ್ನು ಸರಿಯಾಗಿ ತಿಳಿದುಕೋ. "ಯಾರಿಗೂ ಪೆಟ್ಟಾಗದಂಗ ಸೋಲ್ಲಿ, ನನ್ನ ಮಗಳು ತನ್ನ ಕಾಲ್ಮ್ಯಾಲೆ ನಡಕೋತ ಮನಿಗೆ ಬರ್ಲಿ" ಎಂದೆ. ಉಳಿದ ಹುಡುಗಿಯರ ತಾಯಂದಿರು ನನ್ನನ್ನು ಮಾಫ್ ಮಾಡಲಿ ಎಂದೂ ಸೇರಿಸಿದೆ.

ಪಾಸ್‌ಪೋರ್ಟಿನ ಸಮೇತ ಎಂದು ಎಷ್ಟು ಜಂಬದಿಂದ ಬರೆದಿದ್ದೀಯ. ಆ ಪಾಸ್‌ಪೋರ್ಟಿಗಾಗಿಯೇ ನಾನು ಅವತ್ತು ನಿನ್ನ ಹೊಸ್ತಿಲಿಗೆ ಬಂದದ್ದು. ಅವಳು ನಿನ್ನನ್ನು ಕೇಳಿದಳು, ನೀನು "ತಗೋ" ಎಂದೆ, ಅವಳು ತಗೊಂಡಳು. ನನಗೆ ತಿಳಿದದ್ದು ಎಲ್ಲ ಆದ ಮೇಲೆ. ಈಗ ನನ್ನ ಮಗಳು ಕುರ್ಲಾದ ತನ್ನ ಮನೆಗೆ ಬರಬೇಕಾದರೆ ವೀಸಾ ಬೇಕು. ಹೋದ ಸಲ ಬಂದಾಗ ಏರ್‌ಪೋರ್ಟಿನಲ್ಲಿ ಫಾರಿನ್ನವರ ಸಾಲಿನಲ್ಲಿ ನಿಂತಿದ್ದಳಂತೆ. ನಗುತ್ತಾ ಹೇಳಿದಳು. ನಾನು ಒಳಗೆ ಹೋಗಿ ಹಿಟ್ಟು ನಾದಿದೆ, ಬೇಕಾದ್ದಕ್ಕಿಂತ ಎರಡು ಪಟ್ಟು.

ಪಂದ್ಯ ಯಾಕೆ ನೋಡುವುದಿಲ್ಲ ಎಂದು ಕೇಳಿದ್ದೀಯ. ಒಂದು ಸಲ ನೋಡಿದ್ದೆ, ನಿನಗೆ ನೆನಪಿರಲಿಕ್ಕಿಲ್ಲ. ನಿನ್ನ ಶಾಲೆಯ ಅಂಗಳದಲ್ಲಿ. ಆಗ ಅವಳಿಗೆ ಹನ್ನೊಂದು. ಎದುರಿನ ಶಾಲೆಯ ಗಟ್ಟಿ ಹುಡುಗಿಯೊಬ್ಬಳು ಮೊಳಕೈಯಿಂದ ಅವಳ ಎದೆಗೆ ಗುದ್ದಿದಳು. ನನ್ನ ಮಗಳು ಡಾಂಬರಿನ ಮೇಲೆ ಬಿದ್ದಳು, ಕೈಯ ಚರ್ಮ ಕಿತ್ತು ಬಂತು. ನಾನು ಏಳುವಷ್ಟರಲ್ಲಿ ನೀನು ಸೀಟಿ ಬಾಯಲ್ಲಿಟ್ಟುಕೊಂಡು "ಏಳು, ಏಳು, ಓಡು" ಎಂದು ಕೂಗುತ್ತಿದ್ದೆ. ಅವಳು ಎದ್ದು ಓಡಿದಳು. ನಾನು ಎದ್ದು ಮನೆಗೆ ಹೋದೆ. ಇದನ್ನು ಇನ್ನು ನೋಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಹರಕೆ ಎಂದರೆ ನಿನ್ನ ತಮ್ಮನ ಹೊಟೇಲಿನ ಕೂಪನ್ ಅಲ್ಲ, ವಾಪಸು ಕೊಡುವುದಕ್ಕೆ. ಈ ಗುರುವಾರವೂ ಹೋಗುತ್ತೇನೆ.

ದೌಲತಬಿ


ಪರೇಲ್
೧೫ ಡಿಸೆಂಬರ್ ೨೦೨೪

ದೌಲತಬಿ,

ನೀನು ಹಾಗಾದರೆ ನಾನು ಹೀಗೆ. ನಾನೂ ಹರಕೆ ಹೊತ್ತಿದ್ದೇನೆ. ಟೀಮು ಮೇಲಿನ ದರ್ಜೆಯಲ್ಲೇ ಉಳಿದರೆ ಊರಿಗೆ ಹೋಗಿ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಒಪ್ಪಿಸುತ್ತೇನೆ. ಕಳೆದುಹೋದ ದನವನ್ನೂ ಉಂಗುರವನ್ನೂ ಹುಡುಕಿಕೊಡುವುದರಲ್ಲಿ ಅಜ್ಜನನ್ನು ಬಿಟ್ಟರಿಲ್ಲ, ಆದರೆ ಹ್ಯಾಂಡ್‌ಬಾಲ್ ಅವನಿಗೂ ಹೊಸದು. ಆದ್ದರಿಂದ ಕೈಮುಗಿದು ನಿಂತು ತುಳುವಿನಲ್ಲಿ ನಿಯಮಗಳನ್ನು ವಿವರಿಸಿದೆ. ಒಂದು ಕಡೆಗೆ ಏಳು ಜನ, ಅದರಲ್ಲಿ ಒಬ್ಬಳು ಗೋಲ್‌ಕೀಪರ್, ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ನಮ್ಮವರದು ನೀಲಿ ಅಂಗಿ. ಬಣ್ಣ ಹೇಳದೆ ಬಿಟ್ಟರೆ ಅಜ್ಜ ಎದುರಿನವರಿಗೆ ಸಹಾಯ ಮಾಡಿಬಿಟ್ಟರೆ ಎಂದು ಹೆದರಿಕೆ.

ಫಲ ಸಿಕ್ಕಿತು. ಹೋದ ತಿಂಗಳ ಕೊನೆಯ ಪಂದ್ಯವನ್ನು ಗೆದ್ದರು. ತಮ್ಮ ಕಾಂತಪ್ಪನ ಹೊಟೇಲಿನ ಗಲ್ಲಾದ ಮೇಲೆ ಸಕ್ಕರೆ ಡಬ್ಬಕ್ಕೆ ಮೊಬೈಲು ಒರಗಿಸಿಟ್ಟು ನೋಡಿದೆ. ಕಾಂತಪ್ಪ ಹಿಂದಿನಿಂದ ಗೊಣಗುತ್ತಲೇ ಇದ್ದ: "ಅಕ್ಕಾ, ಇದು ಹೊಟೇಲಾ ಸ್ಟೇಡಿಯಮ್ಮಾ ಮಾರಾಯ್ತಿ? ಗಿರಾಕಿ ಲೋಗ್ ಬಿಲ್ ಕೊಡ್ಲಿಕ್ಕೆ ಲೈನ್ ಹಚ್ಚಿ ನಿಂತಿದ್ದಾರೆ, ನೀನು ಅಡ್ಡ ಕೂತಿದ್ದೀ." ಕೊನೆಯ ಐದು ನಿಮಿಷ ಅವನೂ ಬಿಲ್ಲು ಬಿಟ್ಟು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ಲೈನಿನಲ್ಲಿದ್ದವರೂ ನೋಡುತ್ತಿದ್ದರು.

ಆದರೆ ಹೋದ ಭಾನುವಾರದ ಪಂದ್ಯ ಸಮವಾಯಿತು. ಇಪ್ಪತ್ತಾರು, ಇಪ್ಪತ್ತಾರು. ಗುರುವಾರ ನೀನು ಹೋಗಿರುತ್ತೀಯ, ಶನಿವಾರ ನಾನು ಕೈಮುಗಿದಿದ್ದೆ. ಅಲ್ಲಿ ಮೇಲೆ ನಿನ್ನ ದರ್ಗಾದವರೂ ನನ್ನ ಅಜ್ಜನೂ ಕೂತು ಮಾತಾಡಿ ಅರ್ಧರ್ಧ ಹಂಚಿಕೊಂಡ ಹಾಗಿದೆ. ನಿನ್ನಿಂದಾಗಿ ಒಂದು ಪಾಯಿಂಟು ಹೋಯಿತು, ತಿಳಿದಿರಲಿ.

ಆಟ ಚೆನ್ನಾಗಿಯೇ ಆಡಿದಳು. ಅಲ್ಲಿ ಚೆಂಡು ಜಾರಬಾರದೆಂದು ಬೆರಳಿಗೆ ಅಂಟು ಹಚ್ಚಿಕೊಳ್ಳುತ್ತಾರೆ, ನಮ್ಮ ಹಲಸಿನ ಮೇಣದ ಹಾಗೆ. ಅದನ್ನು ತೆಗೆಯಲು ಕೊಬ್ಬರಿ ಎಣ್ಣೆಯೇ ಸರಿ ಎಂದು ನಾನೇ ಹೇಳಿಕೊಟ್ಟದ್ದು, ಈಗ ಇಡೀ ಟೀಮು ಕೊಬ್ಬರಿ ಎಣ್ಣೆ ಹಚ್ಚುತ್ತದಂತೆ. ಗೋಲು ಹೊಡೆದು ಹಿಂದಕ್ಕೆ ಓಡುವಾಗ ಎಡಗಾಲನ್ನು ಸ್ವಲ್ಪ ಎಳೆದ ಹಾಗೆ ಕಂಡಿತು, ಚಳಿಗೆ ಇರಬಹುದು. ಅವತ್ತು ಕಾಂತಪ್ಪ ಹೊಸ ಅಡಿಗೆಯವನನ್ನು ಹಾಕಿದ್ದ. ಅವನು ಮಾಡಿದ ನೀರುದೋಸೆ ಎಷ್ಟು ತೆಳ್ಳಗೆ ಬಂದಿತ್ತೆಂದರೆ ಅಡಿಯ ತಟ್ಟೆಯ ಹೂವಿನ ಚಿತ್ರ ಕಾಣುತ್ತಿತ್ತು. ಚಟ್ನಿಗೆ ಮಾತ್ರ ಹುಣಸೆ ಜಾಸ್ತಿ. ಹೇಳಿದ್ದೇನೆ, ಸರಿ ಮಾಡುತ್ತಾನೆ.

ಗುರುವಾರ ಮನೆಯಲ್ಲಿರು.

ವಸಂತಿ


ಕುರ್ಲಾ
೮ ಜನವರಿ ೨೦೨೫

ವಸಂತಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎಡಗಾಲಿನ ಬಗ್ಗೆ ಒಂದು ಸಾಲು ಬರೆದು ನೀರುದೋಸೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೀಯ. ನಿನ್ನನ್ನು ನಾನು ಇವತ್ತು ನಿನ್ನೆ ಕಂಡವಳಲ್ಲ. ಶಾಲೆಯಲ್ಲಿ ಪರೀಕ್ಷೆ ಕೆಟ್ಟರೆ ಮನೆಗೆ ಹೋಗಿ ನಿನ್ನ ಅಮ್ಮನ ಮುಂದೆ ಸಾರಿನ ರುಚಿ ಹೊಗಳುತ್ತಿದ್ದೆ. ಅರವತ್ತು ದಾಟಿದರೂ ಆ ಚಾಳಿ ಹೋಗಿಲ್ಲ.

ಕಾಲಿಗೆ ಏನಾಗಿದೆ ಎಂದು ಬರಿ.

ಅವಳನ್ನು ಕೇಳಿದೆ. "ಕುಛ್ ನಹೀ ಅಮ್ಮಿ, ಠೀಕ್ ಅದ" ಎಂದಳು. ಹೇಳಿ ತಕ್ಷಣ ಮುಜಾಹಿದನ ಮಗುವಿಗೆ ಹಲ್ಲು ಬಂತಾ ಎಂದು ಕೇಳಿದಳು. ಇದನ್ನೂ ನಿನ್ನ ಹತ್ತಿರವೇ ಕಲಿತಿರಬೇಕು.

ಅವತ್ತಿನಿಂದ ದರ್ಗಾಕ್ಕೆ ಹೋದರೂ ಸೋಲಿನ ಮಾತು ಎತ್ತಿಲ್ಲ. ಸೋಲಲಿ ಎಂದು ನಾನು ಕೇಳಿದ್ದು ಟೀಮಿನದು. ಕೇಳಿದ್ದು ತಪ್ಪು ಜಾಗಕ್ಕೆ ಹೋಗಿ ಅವಳ ಕಾಲಿಗೆ ಬಿತ್ತಾ ಎಂದು ನನಗೆ ನಿದ್ದೆಯಿಲ್ಲ. ಹರಕೆ ಬಿಟ್ಟಿದ್ದೇನೆ, ಚಾದರ ಮಾತ್ರ ಹೊದಿಸಿ ಬಂದೆ. ನೀನು ಗೆದ್ದೆ ಎಂದು ತಿಳಿದುಕೋ, ನನಗೆ ಅಭ್ಯಂತರವಿಲ್ಲ.

ಆದರೆ ಒಂದು ಕೆಲಸ ಮಾಡು. ಅವಳಿಗೆ ನಿಲ್ಲಿಸು ಎಂದು ನೀನೇ ಹೇಳು. ನಾನು ಹೇಳಿದರೆ ಅದು ಅಮ್ಮಿಯ ಅಳು, ಹೇಳಿ ಹೇಳಿ ಸವೆದುಹೋಗಿದೆ. ಅವಳು ನನ್ನ ಮಾತನ್ನು ಫೋನು ದೂರ ಹಿಡಿದುಕೊಂಡು ಕೇಳುತ್ತಾಳೆ. ನೀನು ಒಂದು ಸಲ ಹೇಳಿದರೆ ಸಾಕು. ಹನ್ನೊಂದು ವರ್ಷದವಳಿದ್ದಾಗಲೇ ನೀನು ಏಳು ಎಂದರೆ ಎದ್ದವಳು, ನೀನು ಕೂತುಕೋ ಎಂದರೆ ಕೂರುತ್ತಾಳೆ. ನಿನ್ನಿಂದ ನಾನು ಈವರೆಗೆ ಏನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ದೌಲತಬಿ


ಪರೇಲ್
೯ ಫೆಬ್ರವರಿ ೨೦೨೫

ದೌಲತಬಿ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಎಷ್ಟು ಸುಲಭವಾಗಿ ಬರೆದಿದ್ದೀಯ, ನೀನೇ ಹೇಳು ಎಂದು.

ಕಾಲು ಸರಿ ಇಲ್ಲ. ನಾನು ಕಂಡದ್ದು ಅಷ್ಟೇ, ಆದರೆ ಅದು ಚಳಿಯಿಂದಲ್ಲ ಎಂದು ಅವತ್ತೇ ಗೊತ್ತಾಗಿತ್ತು. ಈಗ ದಾಳಿ ಮಾಡುವಾಗ ಮಾತ್ರ ಅವಳನ್ನು ಒಳಗೆ ಬಿಡುತ್ತಾರೆ, ಚೆಂಡು ಎದುರಿನವರ ಕೈಗೆ ಹೋದ ಕೂಡಲೇ ಅವಳು ಬೆಂಚಿಗೆ ಬರುತ್ತಾಳೆ. ಕ್ಲಬ್ಬಿನವರಿಗೂ ಗೊತ್ತಿದೆ ಎಂದಾಯಿತು. ಹೋದ ವಾರ ಫೋನ್ ಮಾಡಿ ಅವಳೇ ಕೇಳಿದಳು, "ಟೀಚರ್, ಏನ್ ಮಾಡ್ಲಿ, ಆಡ್ಲಾ?" ನಾನು "ಆಡು" ಎಂದೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂತು. ಮೂವತ್ತೆರಡು ವರ್ಷ ನಾನು ಅದೊಂದೇ ಮಾತು ಹೇಳಿದವಳು. ಓಡು, ಏಳು, ಆಡು. ಸಂಜೆ ಮನೆಗೆ ಹೋಗುವ ಹೊತ್ತಿಗೆ ಸೀಟಿ ಊದುತ್ತಿದ್ದೆ, ನಿಲ್ಲು ಎಂದು ಬಾಯಲ್ಲಿ ಹೇಳಿದ ನೆನಪಿಲ್ಲ.

ನಿನಗೆ ಇದು ಅರ್ಥವಾಗುವುದಿಲ್ಲ. ನಿನಗೆ ಅವಳಲ್ಲದೆ ಮುಜಾಹಿದ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಮಗು ಇದೆ. ನಾನು ಆ ಅಂಗಳದಲ್ಲಿ ನೂರಾರು ಮಕ್ಕಳಿ‌ಗೆ ಕಲಿಸಿದೆ. ಅವರೆಲ್ಲ ಮದುವೆಯಾದರು, ಬ್ಯಾಂಕಿಗೆ ಸೇರಿದರು, ರಸ್ತೆಯಲ್ಲಿ ಸಿಕ್ಕರೆ "ನಮಸ್ತೆ ಟೀಚರ್" ಎಂದು ಹೋಗುತ್ತಾರೆ. ಆಡುತ್ತಿರುವವಳು ಇವಳೊಬ್ಬಳೇ. ಇವಳೂ ನಿಲ್ಲಿಸಿದರೆ ಭಾನುವಾರ ಸಂಜೆ ನಾನು ಏನು ನೋಡಲಿ? ಕಾಂತಪ್ಪನ ಗಲ್ಲಾ?

ಲೀಗು ಮುಗಿಯಲು ಇನ್ನು ಕೆಲವೇ ಪಂದ್ಯಗಳಿವೆ. ಅದು ಮುಗಿಯಲಿ, ಆಮೇಲೆ ನೋಡೋಣ. ಈಗ ಅವಳ ಮನಸ್ಸು ಕೆಡಿಸಬಾರದು. ನಾನು ಹೇಳುವುದಿಲ್ಲ. ಬಲವಂತ ಮಾಡಬೇಡ.

ವಸಂತಿ


ಪರೇಲ್
೨ ಮಾರ್ಚ್ ೨೦೨೫

ಶಬನಮ,

ಇದನ್ನು ಫೋನಿನಲ್ಲಿ ಹೇಳಲು ಮೂರು ಸಲ ಪ್ರಯತ್ನ ಮಾಡಿ ಮೂರು ಸಲವೂ ಹವೆಯ ಬಗ್ಗೆ ಮಾತಾಡಿ ಇಟ್ಟೆ. ನಿನ್ನ ಅಮ್ಮಿ ನನ್ನನ್ನು ಸರಿಯಾಗಿ ಬೈದಿದ್ದಾಳೆ, ಇನ್ನೊಂದು ಸಲ ಬೈಸಿಕೊಳ್ಳುವ ಇಷ್ಟವಿಲ್ಲ.

ನಿನ್ನೆಯ ಪಂದ್ಯ ನೋಡಿದೆ. ಬೆಂಚಿನಲ್ಲಿ ಕೂತಿದ್ದ ನೀನು ಏಳುವಾಗ ಪಕ್ಕದವಳ ಭುಜ ಹಿಡಿದುಕೊಂಡು ಎದ್ದೆ. ಕ್ಯಾಮೆರಾ ಬೇರೆ ಕಡೆ ತಿರುಗುತ್ತದೆ ಎಂದು ಕಾದಿರಬೇಕು, ಅದು ತಿರುಗಲಿಲ್ಲ.

ಆಡು ಎಂದು ನಾನು ಹೇಳಿದ್ದೆ. ಅದನ್ನು ಬಿಟ್ಟುಬಿಡು. ನಿಲ್ಲಿಸು ಮಗಾ. ಟೀಮು ಉಳಿಯಲಿ, ಇಳಿಯಲಿ, ಅದು ಟೀಮಿನ ಹಣೆಬರಹ. ನೀನು ಡಾಕ್ಟರರ ಹತ್ತಿರ ಹೋಗು. ನನಗೆ ಬೇಸರವಾಗುತ್ತದೆ ಎಂದು ಯೋಚಿಸಬೇಡ. ಆಗುತ್ತದೆ, ತುಂಬಾ ಆಗುತ್ತದೆ, ಆದರೆ ಅದಕ್ಕೆ ನೀನು ಆಡಬೇಕಾಗಿಲ್ಲ.

ನಿನ್ನ ಟೀಚರ್
ವಸಂತಿ


ಲಿಲ್ಲಹಾಮ್ನ್, ಸ್ವೀಡನ್
೧೨ ಏಪ್ರಿಲ್ ೨೦೨೫

ಅಮ್ಮಿಗೆ ಮತ್ತು ಟೀಚರಿಗೆ,

ಇಬ್ಬರಿಗೂ ಒಂದೇ ಪತ್ರ, ಎರಡು ಪ್ರತಿ. ಒಬ್ಬರಿಗೆ ಕಳಿಸಿದರೆ ಇನ್ನೊಬ್ಬರಿಗೆ ಯಾಕಿಲ್ಲ ಎಂದು ಇನ್ನೂ ಒಂದು ವರ್ಷ ಮಾತು ಬಿಡುತ್ತೀರಿ. ಅರವತ್ತು ದಾಟಿದ ಇಬ್ಬರು ಹೆಂಗಸರು ನಾಲ್ಕು ಸ್ಟೇಷನ್ ದೂರದಲ್ಲಿದ್ದುಕೊಂಡು ಪೋಸ್ಟಿನಲ್ಲಿ ಜಗಳ ಆಡುವುದನ್ನು ಇಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ.

ಹರಕೆಗಳ ವಿಷಯ ಮುಜಾಹಿದ ನನಗೆ ಎಂದೋ ಹೇಳಿದ. ಒಬ್ಬರು ಸೋಲಿಸಲು, ಒಬ್ಬರು ಗೆಲ್ಲಿಸಲು. ನಾನು ಸಿಟ್ಟು ತಡೆಯಲಾಗದೆ ನಮ್ಮ ಗೋಲ್‌ಕೀಪರಿಗೆ ಹೇಳಿಬಿಟ್ಟೆ, ಈಗ ಅವಳು ಯಾವ ಗೋಲು ಬಿಟ್ಟರೂ ನನ್ನ ಕಡೆ ತಿರುಗಿ "ಅಮ್ಮಿ" ಎನ್ನುತ್ತಾಳೆ. ದಯವಿಟ್ಟು ಕೇಳಿ. ನಾವು ಸೋತ ಪಂದ್ಯಗಳಲ್ಲಿ ಎದುರಿನವರು ನಮಗಿಂತ ಚೆನ್ನಾಗಿ ಆಡಿದರು. ಗೆದ್ದ ಪಂದ್ಯಗಳಲ್ಲಿ ನಾವು ಚೆನ್ನಾಗಿ ಆಡಿದೆವು. ವಾರಕ್ಕೆ ಐದು ದಿನ ನಾವಿಲ್ಲಿ ಬೆವರು ಹರಿಸುವುದನ್ನು ನೀವಿಬ್ಬರೂ ಮೇಲಿನವರ ಲೆಕ್ಕಕ್ಕೆ ಹಾಕಿಬಿಟ್ಟಿದ್ದೀರಿ.

ಟೀಚರ್, ನಿಮ್ಮ ಪತ್ರ ಬರಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನೇ ತೀರ್ಮಾನ ಮಾಡಿ ಆಗಿತ್ತು. ಬೇಸರ ಮಾಡಿಕೊಳ್ಳಬೇಡಿ. ಪತ್ರವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ನಿಲ್ಲಿಸು ಎಂದು ಬರೆದದ್ದನ್ನು ನನ್ನ ಜೊತೆ ಕಲಿತವರಿಗೆ ತೋರಿಸಿದರೆ ಇದು ನಿಮ್ಮ ಅಕ್ಷರವೇ ಅಲ್ಲ ಎನ್ನುತ್ತಾರೆ.

ಇಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ಸ್ಕ್ಯಾನ್ ನೋಡಿ ನನಗೆ ಒಂದು ಪ್ರಶ್ನೆ ಕೇಳಿದರು: ಆಟವೆಲ್ಲ ಮುಗಿದ ಮೇಲೆ ಈ ಮೊಣಕಾಲಿನಿಂದ ನಿನಗೆ ಏನು ಬೇಕು? ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಮ್ಮಿ ಮನೆಗೆ ಬಾ ಎನ್ನುತ್ತಿದ್ದಳು, ನೀವು ಆಡು ಎನ್ನುತ್ತಿದ್ದಿರಿ, ಕ್ಲಬ್ಬಿನವರು ಇನ್ನೊಂದು ಇಂಜೆಕ್ಷನ್ ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದೆ, ಮುಂಬೈಯಲ್ಲಿ ನನ್ನ ಅಮ್ಮಿಯ ಮನೆ ನಾಲ್ಕನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ನನಗೆ ವಯಸ್ಸಾದ ಮೇಲೂ ಅದನ್ನು ಹತ್ತಬೇಕು ಎಂದು. ಅವರು ಪೆನ್ನು ಕೆಳಗಿಟ್ಟು, ಹಾಗಾದರೆ ಈ ವರ್ಷದ ಲೀಗಿಗೇ ಆಟ ಸಾಕುಮಾಡು ಎಂದರು. ನಾನು ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು ಅತ್ತೆ. ಇಲ್ಲಿ ಬಸ್ ಸ್ಟಾಪಿನಲ್ಲಿ ಅತ್ತರೆ ಯಾರೂ ಏನೂ ಕೇಳುವುದಿಲ್ಲ, ಅದೂ ಒಂದು ಕಷ್ಟ.

ಅಮ್ಮಿ, ಖುಷಿಪಡುವ ಮೊದಲು ಇದನ್ನೂ ಓದು. ನಾನು ಅಲ್ಲಿಗೇ ಬಂದುಬಿಡುವುದಿಲ್ಲ. ಇಲ್ಲಿ ಸಣ್ಣ ಹುಡುಗಿಯರಿಗೆ ಕಲಿಸುವ ಕೆಲಸ ಒಪ್ಪಿಕೊಂಡಿದ್ದೇನೆ. ಜೂನ್‌ನಲ್ಲಿ ಬರುತ್ತೇನೆ, ಒಂದು ತಿಂಗಳು ಇರುತ್ತೇನೆ, ವೀಸಾ ತೆಗೆದುಕೊಂಡೇ ಬರುತ್ತೇನೆ. ನನ್ನ ಪಾಸ್‌ಪೋರ್ಟಿನ ಬಣ್ಣ ನೋಡಿ ನೀನು ಹಿಟ್ಟು ನಾದಲು ಹೋಗಬಾರದು. ಹೋದ ಸಲ ಅಷ್ಟು ರೊಟ್ಟಿ ಯಾಕೆ ಮಾಡಿದೆ ಎಂದು ನನಗೆ ತಿಳಿಯುವುದಿಲ್ಲ ಎಂದುಕೊಂಡೆಯಾ?

ಇದೇ ಇಪ್ಪತ್ತೇಳಕ್ಕೆ ಕೊನೆಯ ಪಂದ್ಯ. ಗೆದ್ದವರು ಮೇಲಿನ ದರ್ಜೆಯಲ್ಲಿ ಉಳಿಯುತ್ತಾರೆ, ಸೋತವರು ಇಳಿಯುತ್ತಾರೆ. ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ಕೊನೆಗೆ ಸ್ವಲ್ಪ ಹೊತ್ತು ಆಡಲು ಡಾಕ್ಟರು ಒಪ್ಪಿದ್ದಾರೆ, ಎಂಟು ವರ್ಷ ಆಡಿದ ಹಾಲ್‌ನಿಂದ ಬೆಂಚಿನಲ್ಲಿ ಕೂತೇ ಹೊರಗೆ ಹೋಗುವುದು ಬೇಡವೆಂದು. ಟೀಚರ್ ಹೇಗೂ ನೋಡುತ್ತೀರಿ. ಅಮ್ಮಿ, ನೀನೂ ನೋಡು. ಹರಕೆ ಏನನ್ನೂ ಹೊರಬೇಡ, ಬರೀ ನೋಡು. ನಾನು ನಿನ್ನ ಹತ್ತಿರ ಕೇಳುತ್ತಿರುವುದು ಇದೊಂದೇ.

ನಿಮ್ಮಿಬ್ಬರಿಂದಲೂ ಸುಸ್ತಾಗಿರುವ,
ಶಬನಮ


ಕುರ್ಲಾ
೨೮ ಏಪ್ರಿಲ್ ೨೦೨೫

ವಸಂತಿ,

ನಿನ್ನೆ ನೋಡಿದೆ.

ಮುಜಾಹಿದ ಮೊಬೈಲನ್ನು ಹೊಲಿಗೆ ಮಷೀನಿಗೆ ಆನಿಸಿ ಇಟ್ಟು ಕೆಲಸಕ್ಕೆ ಹೋದ. ಸೊಸೆ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದಳು, ನಾನೇ ಕಳಿಸಿದೆ. ಮೊದಲಿಗೆ ನನಗೆ ಏನೂ ತಿಳಿಯಲಿಲ್ಲ. ಎಲ್ಲರೂ ಒಂದೇ ಥರದ ಅಂಗಿ, ಎಲ್ಲರೂ ಓಡುತ್ತಾರೆ, ಯಾರು ಯಾರನ್ನು ಯಾಕೆ ಹಿಡಿದು ನಿಲ್ಲಿಸುತ್ತಾರೆ ಎಂದು ಗೊತ್ತಾಗುವುದಿಲ್ಲ. ನಿನಗೆ ಫೋನ್ ಮಾಡಿ ಕೇಳೋಣ ಎನ್ನಿಸಿತು, ಬಿಟ್ಟೆ. ಅವಳು ಬೆಂಚಿನಲ್ಲೇ ಇದ್ದಳು. ತಲೆಗೂದಲನ್ನು ಚಿಕ್ಕವಳಿದ್ದಾಗ ನಾನು ಕಟ್ಟುತ್ತಿದ್ದ ಹಾಗೆಯೇ ಬಿಗಿಯಾಗಿ ಕಟ್ಟಿಕೊಂಡಿದ್ದಳು.

ಕೊನೆಗೆ ಒಳಗೆ ಬಂದಳು. ಒಬ್ಬಳು ಅವಳ ಭುಜ ಹಿಡಿದು ಎಳೆದಳು, ನಾನು ಕಣ್ಣು ಮುಚ್ಚಿದೆ. ಬರೀ ನೋಡು ಎಂದಿದ್ದಳಲ್ಲ ಎಂದು ತೆರೆದೆ. ಆಮೇಲೆ ಚೆಂಡು ಅವಳ ಕೈಗೆ ಬಂತು.

ಅವಳು ಹಾರಿದಳು, ವಸಂತಿ. ಎದುರಿಗೆ ಗೋಡೆ ಕಟ್ಟಿ ನಿಂತಿದ್ದರಲ್ಲ ಆ ಎತ್ತರದ ಹುಡುಗಿಯರು, ಅವರ ತಲೆಗಿಂತ ಮೇಲೆ ಹೋದಳು. ಹೋಗಿ ಅಲ್ಲಿ ನಿಂತಳು. ಉಳಿದವರೆಲ್ಲ ಕೆಳಗೆ ಇಳಿದರೂ ಅವಳು ಇಳಿದಿರಲಿಲ್ಲ. ಯಾರ ಕೈಯೂ ಅವಳಿಗೆ ತಾಗುತ್ತಿರಲಿಲ್ಲ. ಆತುರವೇ ಇಲ್ಲದೆ, ಎಲ್ಲಿಗೆ ಹೊಡೆಯಲಿ ಎಂದು ನೋಡಿ, ಹೊಡೆದಳು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಕೆಳಗಿನ ಮಹಡಿಯ ಸೇವಂತಿ "ಕ್ಯಾ ಹುವಾ ಚಾಚೀ" ಎಂದು ಓಡಿ ಬಂದಳು. ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು. ಅವಳಿಗೆ ಮೊಬೈಲು ತೋರಿಸಿ "ನನ್ ಮಗಳು, ನೋಡವಾ, ನನ್ ಮಗಳು" ಎಂದೆ. ಆಮೇಲೆ ಗೆಲ್ಲಲಿ, ಗೆಲ್ಲಲಿ ಎಂದು ಮಷೀನಿನ ಮೇಲೆ ಬಡಿಯುತ್ತಾ ಇಬ್ಬರೂ ಕೂಗಿದೆವು. ಒಂದು ಗೋಲಿನಿಂದ ಸೋತರು. ಅದು ನಿನಗೆ ಗೊತ್ತಿದೆ.

ಟೀಮು ಇಳಿಯಿತು, ಕರಾರು ಮುಗಿಯಿತು, ಮಗಳು ತನ್ನ ಕಾಲ ಮೇಲೆ ನಡೆದುಕೊಂಡು ಜೂನ್‌ನಲ್ಲಿ ಮನೆಗೆ ಬರುತ್ತಾಳೆ. ನಾನು ಬೇಡಿದ್ದೆಲ್ಲ ನಾನು ಬೇಡುವುದನ್ನು ಬಿಟ್ಟ ಮೇಲೆ ಸಿಕ್ಕಿತು. ಸೇವಂತಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ನನಗೆ ನಿನ್ನ ಮೇಲೆ ಬಂದಿರುವ ಸಿಟ್ಟು ಅಷ್ಟಿಷ್ಟಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅವಳು ಬಿದ್ದದ್ದನ್ನು ನೋಡಿ ಎದ್ದು ಹೋದವಳು ನಾನು. ಆವತ್ತಿನಿಂದ ಅವಳ ಆಟ ಎಂದರೆ ನನ್ನ ಕಣ್ಣಿಗೆ ಬಂದದ್ದು ಅವಳು ಬೀಳುವುದು ಒಂದೇ. ನೀನು ಪ್ರತಿ ವಾರ ನೋಡುತ್ತಿದ್ದೆ. ನನಗೆ ನಿಯಮ ಬರೆದೆ, ಚಕ್ಕುಲಿ ಬರೆದೆ, ದೋಸೆ ಬರೆದೆ, ಬೈಗುಳ ಬರೆದೆ. ನಿನ್ನ ಮಗಳು ಹೀಗೆ ಹಾರುತ್ತಾಳೆ ದೌಲತ್, ಬಂದು ನೋಡು ಎಂದು ಒಂದೇ ಒಂದು ಸಾಲು ಬರೆಯಲು ನಿನಗೆ ಏನಾಗಿತ್ತು?

ಇನ್ನು ನಾನು ಯಾವಾಗ ನೋಡಲಿ?

ದೌಲತಬಿ